ಗುಳ್ಳೆಯ ಆಯುಷ್ಯ, ಹಂದಿಯ ಸಾಕ್ಷ್ಯ

ಅನಿತ್ಯಾನುಪ್ರೇಕ್ಷೆಯನ್ನು ವಿವರಿಸುವ ಜೈನಾಚಾರ್ಯರಿಗೆ ನೀರ ಗುಳ್ಳೆ ಬಹು ಪ್ರಿಯವಾದ ಉಪಮಾನ. ಹುಟ್ಟಿದಷ್ಟೇ ಬೇಗ ಇಲ್ಲವಾಗುವ ಅದರ ಈ ಗುಣವೇ ಕಳೆದ ಶತಮಾನದ ವೈದ್ಯವಿಜ್ಞಾನಕ್ಕೆ ತೊಡಕಾಯಿತು. 1968ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಅವರು, ಬಣ್ಣದ ದ್ರಾವಣವನ್ನು ಚುಚ್ಚಿದೊಡನೆ ಹೃದಯದ ಅಲ್ಟ್ರಾಸೌಂಡ್ ಚಿತ್ರದಲ್ಲಿ ಪ್ರತಿಧ್ವನಿಗಳ ಮೋಡವೊಂದು ಕವಿಯುವುದನ್ನು ದಾಖಲಿಸಿದರು. ಅದು ಗಾಳಿಯ ಗುಳ್ಳೆಗಳ ಕೆಲಸ. ಆದರೆ ಆ ಗುಳ್ಳೆಗಳನ್ನು ತೋಳಿನ ರಕ್ತನಾಳಕ್ಕೆ ಸೇರಿಸಿದರೆ, ಶ್ವಾಸಕೋಶವನ್ನು ದಾಟಿ ಹೃದಯದ ಎಡಭಾಗವನ್ನು ಮುಟ್ಟುವಷ್ಟು ಆಯುಷ್ಯ ಅವಕ್ಕಿರಲಿಲ್ಲ. ಮಾನವ ಆಲ್ಬುಮಿನ್ನಿನ ಕವಚ ತೊಡಿಸಿದ ಆಲ್ಬ್ಯುನೆಕ್ಸ್‌ಗೆ ಅಮೆರಿಕದಲ್ಲಿ 1994ರಲ್ಲಿ ಅನುಮತಿ ದೊರೆಯಿತು. ಮುಂದೆ ಗಾಳಿಯ ಬದಲು ರಕ್ತದಲ್ಲಿ ಸುಲಭವಾಗಿ ಕರಗದ ಅನಿಲವನ್ನು ತುಂಬಿದ ಗುಳ್ಳೆಗಳು ಬಂದವು.

ಮನುಷ್ಯರ ರಕ್ತಕ್ಕೆ ಸೇರಿಸುವ ಮೊದಲು ಇವನ್ನು ಇಲಿ, ಮೊಲ, ನಾಯಿ, ಹಂದಿಗಳ ರಕ್ತಕ್ಕೆ ಸೇರಿಸಿ ನೋಡಲಾಯಿತು. ಅವು ಕೊಟ್ಟ ಸಾಕ್ಷ್ಯ ಒಂದೇ ಬಗೆಯದಾಗಿರಲಿಲ್ಲ. ಇಲಿಯ ಸ್ನಾಯುವಿನಲ್ಲಿ ಅಲ್ಟ್ರಾಸೌಂಡ್‌ನಿಂದ ಗುಳ್ಳೆಗಳನ್ನು ಒಡೆದಾಗ ಸೂಕ್ಷ್ಮ ರಕ್ತನಾಳಗಳೂ ಹರಿಯುವುದು 1998ರ ಒಂದು ಅಧ್ಯಯನದಲ್ಲಿ ಕಂಡಿತು. ಆ ಎಚ್ಚರಿಕೆ ಉಪಯುಕ್ತವೇ ಆಯಿತು. ಧ್ವನಿಯ ಪ್ರಾಬಲ್ಯಕ್ಕೆ ಮಿತಿ ಬೇಕೆಂಬ ಮಾತಿಗೆ ಅದರಿಂದ ಬಲ ಬಂತು.

ಹಂದಿಯ ಸಂಗತಿ ಹೆಚ್ಚು ಜಟಿಲವಾದುದು. ಅದರ ಶ್ವಾಸಕೋಶದ ಲೋಮನಾಳಗಳ ಒಳಗೋಡೆಗೆ ಒಂದು ಬಗೆಯ ಮ್ಯಾಕ್ರೋಫೇಜ್ ಕೋಶಗಳು ಅಂಟಿಕೊಂಡಿರುತ್ತವೆ. ಕುರಿ, ದನಗಳಲ್ಲಿಯೂ ಅವು ಹೇರಳ. ಆರೋಗ್ಯವಂತ ಮನುಷ್ಯರಲ್ಲಿ ಹಾಗಿಲ್ಲ. ಈ ಕೋಶಗಳು ಗುಳ್ಳೆಗಳನ್ನು ಹಿಡಿದು, ನಾಳಗಳನ್ನು ಸಂಕುಚಿಸುವ ಥ್ರಾಂಬಾಕ್ಸೇನನ್ನು ಬಿಡುಗಡೆ ಮಾಡುತ್ತವೆ. ಹಂದಿಯ ಶ್ವಾಸಕೋಶದ ರಕ್ತದೊತ್ತಡ ಏರಲು ಇದು ಸಾಕು. ಹಂದಿ ಸುಳ್ಳು ಹೇಳಲಿಲ್ಲ. ತನ್ನ ದೇಹದ ಸತ್ಯವನ್ನಷ್ಟೇ ಹೇಳಿತು. ಅದನ್ನು ಮನುಷ್ಯದೇಹದ ಸತ್ಯವೆಂದು ಓದಿಕೊಳ್ಳುವ ಅವಸರ ಓದುವವರದು.

2007ರ ಅಕ್ಟೋಬರಿನಲ್ಲಿ, ಚುಚ್ಚುಮದ್ದಿನ ನಂತರ ಕೆಲವು ರೋಗಿಗಳು ಮೃತರಾದ ವರದಿಗಳನ್ನು ಆಧರಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ದ್ರಾವಣಗಳ ಮೇಲೆ ಅತಿ ಕಠಿಣ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು. ಮೊದಲೇ ತೀವ್ರ ಅಸ್ವಸ್ಥರಾಗಿದ್ದವರ ಸಾವಿಗೆ ಗುಳ್ಳೆಯೇ ಕಾರಣವೆನ್ನುವುದು ಹೇಗೆಂದು ಹೃದ್ರೋಗತಜ್ಞರು ಪ್ರಶ್ನಿಸಿದರು. 2008ರ ಮೇ ತಿಂಗಳಲ್ಲಿ ನಿರ್ಬಂಧಗಳು ಸಡಿಲಗೊಂಡವು. ಬಳಿಕ ಶ್ವಾಸಕೋಶದ ಒತ್ತಡವನ್ನು ಮನುಷ್ಯರಲ್ಲಿಯೇ ಅಳೆದಾಗ ಗಣನೀಯ ಏರಿಕೆ ಕಾಣಲಿಲ್ಲ.

ಜೈನ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿದ್ದಾರೆ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ, ಜೀವ ಹೋಗದಿದ್ದರೂ ಸಂಕಲ್ಪ ಕಾಡಿತು. ಪ್ರಯೋಗಶಾಲೆಯಲ್ಲಿ ಇದು ತಿರುವುಮುರುವು: ದ್ವೇಷವಿಲ್ಲ, ಆದರೆ ಜೀವ ಹೋಗುತ್ತದೆ, ಅದೂ ಪೂರ್ವನಿಶ್ಚಿತವಾಗಿ. ಇದನ್ನು ಉದ್ಯೋಗೀ ಹಿಂಸೆಯೆಂದು ಸುಲಭವಾಗಿ ಬದಿಗಿಡಲಾಗದು. ಬೇರೆ ಪರಂಪರೆಯಿಂದ ಬಂದ ರಸೆಲ್ ಮತ್ತು ಬರ್ಚ್ 1959ರಲ್ಲಿಯೇ ಪ್ರಾಣಿಗೆ ಬದಲಿ ಹುಡುಕುವುದು, ಸಂಖ್ಯೆ ಕಡಿಮೆ ಮಾಡುವುದು, ನೋವು ತಗ್ಗಿಸುವುದು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟಿದ್ದರು. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ಮಾತನ್ನು ಅಮೆರಿಕದ ಕಾನೂನು ಕೈಬಿಟ್ಟದ್ದು 2022ರ ಡಿಸೆಂಬರಿನಲ್ಲಿ. ನಿಷೇಧವನ್ನೇನೂ ಅದು ಹೇರಲಿಲ್ಲ.