ಒಂದು ಬೇರಿನಲ್ಲಿ ಉಳಿದ ಹೆಸರು



ಅಗಲಿದ ಹಿರಿಯರ ಹೆಸರಿನಲ್ಲಿ ಪ್ರಶಸ್ತಿ ಇಡುವುದು ವಿದ್ಯಾಸಂಸ್ಥೆಗಳಲ್ಲಿ ಹಳೆಯ ವಾಡಿಕೆ. ಪದವಿ ವಿದ್ಯಾರ್ಥಿಗಳು ಔಷಧಿ ಸಸ್ಯಗಳ ಬಗ್ಗೆ ನಡೆಸುವ ಸಂಶೋಧನೆಗೂ ಇಂತಹ ಸ್ಮಾರಕ ಪ್ರಶಸ್ತಿಗಳಿವೆ. ಆದರೆ ಒಬ್ಬರ ಹೆಸರನ್ನು ನಿಜವಾಗಿ ಉಳಿಸುವುದು ಪದಕವೋ, ಕೆಲಸವೋ? ಸರ್ಪಗಂಧ ಎಂಬ ಸಣ್ಣ ಗಿಡದ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ.

ದೆಹಲಿಯ ಹಕೀಂ ಅಜ್ಮಲ್ ಖಾನ್‌ರವರ ಹೆಸರನ್ನು ನೀವು ಸ್ವಾತಂತ್ರ್ಯ ಚಳವಳಿಯ ಪಾಠದಲ್ಲಿ ಓದಿರಬಹುದು. 1920ರಲ್ಲಿ ಸ್ಥಾಪನೆಯಾದ ಜಾಮಿಯಾ ಮಿಲ್ಲಿಯಾದ ಮೊದಲ ಕುಲಾಧಿಪತಿಗಳು ಅವರು. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದವರೂ ಅವರೇ. ವೃತ್ತಿಯಿಂದ ಅವರು ಹಕೀಮರು, ಹಕೀಮರ ಮನೆತನದಲ್ಲೇ ಹುಟ್ಟಿದವರು. ಯುನಾನಿ ಮತ್ತು ಆಯುರ್ವೇದ ಎರಡನ್ನೂ ಒಂದೇ ಸೂರಿನಡಿ ಕಲಿಸುವ ತಿಬ್ಬಿಯಾ ಕಾಲೇಜನ್ನು ದೆಹಲಿಯಲ್ಲಿ ಕಟ್ಟಿದರು. 1921ರಲ್ಲಿ ಗಾಂಧೀಜಿ ಅದನ್ನು ಉದ್ಘಾಟಿಸಿದರು. ಪೂರ್ವಜರ ಮದ್ದುಗಳನ್ನು ಹೊಗಳಿದರೆ ಸಾಲದು, ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಎಂಬುದು ಅವರ ನಿಲುವಾಗಿತ್ತು.

ಈ ಕೆಲಸಕ್ಕೆ ದೊರೆತ ಯುವಕ ಸಲೀಮುಝ್ಝಮಾನ್ ಸಿದ್ದೀಖಿ. 1897ರಲ್ಲಿ ಬಾರಾಬಂಕಿ ಜಿಲ್ಲೆಯಲ್ಲಿ ಹುಟ್ಟಿದ ಅವರು ಅಲೀಗಢದಲ್ಲಿ ಓದಿದ್ದು ತತ್ತ್ವಶಾಸ್ತ್ರ. ವೈದ್ಯಕೀಯ ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ತೆರಳಿ ರಸಾಯನಶಾಸ್ತ್ರ ಹಿಡಿದರು. 1927ರಲ್ಲಿ ಡಾಕ್ಟರೇಟ್ ಪಡೆದರು. ಪದವಿಯಲ್ಲಿ ಯಾವ ವಿಷಯ ಸಿಕ್ಕಿತು ಎಂಬುದರ ಮೇಲೆ ಮುಂದಿನ ದಾರಿ ಮುಚ್ಚಿಹೋಯಿತು ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಅದೇ 1927ರ ಡಿಸೆಂಬರ್‌ನಲ್ಲಿ ಹಕೀಂ ಸಾಹೇಬರು ತೀರಿಕೊಂಡರು. ಅವರ ಆಸೆಯಂತೆ ತಿಬ್ಬಿಯಾ ಕಾಲೇಜಿನ ಸಂಶೋಧನಾ ವಿಭಾಗವನ್ನು ಸಿದ್ದೀಖಿಯವರು ಕಟ್ಟಿದರು. ಅಲ್ಲಿ ಅವರು ಕೈಗೆತ್ತಿಕೊಂಡದ್ದು ಸರ್ಪಗಂಧದ ಬೇರು. ಹಾವಿನ ಕಡಿತಕ್ಕೆ, ನಿದ್ರಾಹೀನತೆಗೆ, ಬುದ್ಧಿಭ್ರಮಣೆಗೆ ನಮ್ಮ ನಾಟಿ ವೈದ್ಯರು ಶತಮಾನಗಳಿಂದ ಬಳಸುತ್ತಿದ್ದ ಬೇರು ಅದು. 1931ರಲ್ಲಿ ಸಿದ್ದೀಖಿಯವರೂ ಸಹೋದ್ಯೋಗಿ ರಫತ್ ಹುಸೇನ್ ಸಿದ್ದೀಖಿಯವರೂ ಆ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿ ಪ್ರಕಟಿಸಿದರು. ಅವುಗಳಲ್ಲಿ ಒಂದಕ್ಕೆ ಇಟ್ಟ ಹೆಸರು 'ಅಜ್ಮಲೀನ್'. ಅಗಲಿದ ಹಿರಿಯರಿಗೆ ಕಿರಿಯ ವಿಜ್ಞಾನಿ ಸಲ್ಲಿಸಿದ ಕಾಣಿಕೆ ಅದು.

ಅದೇ ವರ್ಷ ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಈ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಬರೆದರು. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್‌ರವರ ಲೇಖನ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬಂದಾಗ ಜಗತ್ತಿನ ಕಣ್ಣು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ವಿಜ್ಞಾನಿಗಳು ಇದೇ ಬೇರಿನಿಂದ ರಿಸರ್ಪಿನ್ ತೆಗೆದರು. ಹೆಚ್ಚು ಪ್ರಸಿದ್ಧಿಗೆ ಬಂದದ್ದು ಆ ಔಷಧಿ. ಆದರೆ ಅಜ್ಮಲೀನ್ ಮರೆಯಾಗಲಿಲ್ಲ. ಎದೆಬಡಿತದ ಏರುಪೇರಿಗೆ ಅದು ಮದ್ದಾಯಿತು. ಬ್ರುಗಾಡ ಎಂಬ ಅಪಾಯಕಾರಿ ಹೃದಯದ ತೊಂದರೆಯನ್ನು ಪತ್ತೆಹಚ್ಚಲು ಹಲವು ದೇಶಗಳ ಆಸ್ಪತ್ರೆಗಳಲ್ಲಿ ಇಂದಿಗೂ 'ಅಜ್ಮಲೀನ್ ಪರೀಕ್ಷೆ' ನಡೆಯುತ್ತದೆ. ದೆಹಲಿಯ ಹಕೀಮರ ಹೆಸರನ್ನು ಅವರ ಚರಿತ್ರೆ ಓದದ ವೈದ್ಯರೂ ಹೀಗೆ ಉಚ್ಚರಿಸುತ್ತಾರೆ.

ಸಿದ್ದೀಖಿಯವರು ಮುಂದೆ ಬೇವಿನ ರಸಾಯನಗಳ ಮೇಲೆ ದುಡಿದರು. 1951ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯೂ ಸಂಶೋಧನಾ ಸಂಸ್ಥೆಗಳನ್ನು ಕಟ್ಟಿ, 1994ರಲ್ಲಿ ಕರಾಚಿಯಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಸರ್ಪಗಂಧ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಮದ್ದಿರುವುದು ಬೇರಿನಲ್ಲಿ. ಬೇರು ಕಿತ್ತರೆ ಗಿಡವೇ ಹೋಯಿತು. ಹಾಗೆ ಕಿತ್ತು ಕಿತ್ತು ಅದು ಅಪರೂಪವಾಗಿರುವುದರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಗಿಡ ಕೀಳಬೇಡಿ. ವೈದ್ಯರನ್ನು ಕೇಳದೆ ಸೇವಿಸಲೂ ಬೇಡಿ. ನಿಮ್ಮೂರಿನ ಹಕೀಮರು, ಪಂಡಿತರು, ಅಜ್ಜಿಯಂದಿರು ಯಾವ ಗಿಡವನ್ನು ಯಾವುದಕ್ಕೆ ಬಳಸುತ್ತಾರೆಂದು ಕೇಳಿ ಬರೆದಿಡಿ. ಸಸ್ಯಶಾಸ್ತ್ರದ ಅಧ್ಯಾಪಕರಿಂದ ಗಿಡದ ಗುರುತು ಖಚಿತಪಡಿಸಿಕೊಳ್ಳಿ. ಕಾಲೇಜಿನ ಪ್ರಯೋಗಾಲಯದಲ್ಲಿ ಆಗುವಷ್ಟನ್ನು ಪರೀಕ್ಷಿಸಿ, ಕಂಡದ್ದನ್ನು ಕಂಡಂತೆ ದಾಖಲಿಸಿ. ಪದವಿ ಹಂತದಲ್ಲೇ ಇಷ್ಟು ಸಾಧ್ಯ.

ಹಿರಿಯರ ಹೆಸರಿನಲ್ಲಿ ಪ್ರಶಸ್ತಿ ಇಡಬಯಸುವ ಸದಸ್ಯರಲ್ಲೂ ಒಂದು ವಿನಂತಿ. ಅಂಕಪಟ್ಟಿ ನೋಡಿ ಕೊಡುವ ಪದಕಗಳು ಸಾಕಷ್ಟಿವೆ. ಇಂತಹ ಒಂದು ಪ್ರಾಮಾಣಿಕ ಕೆಲಸಕ್ಕೆ ಕೊಡಿ. ಆಗ ನಿಮ್ಮ ಹಿರಿಯರ ಹೆಸರು ಫಲಕದಲ್ಲಿ ಮಾತ್ರವಲ್ಲ, ವಿದ್ಯೆಯಲ್ಲಿಯೂ ಉಳಿಯುತ್ತದೆ.