ಕೈ ದೂರದಲ್ಲಿ, ರೋಗಿ ಇಲ್ಲಿ

2001ರ ಸೆಪ್ಟೆಂಬರ್ 7. ಡಾ. ಜಾಕ್ ಮಾರೆಸ್ಕೊ ಕೂತಿದ್ದು ನ್ಯೂಯಾರ್ಕ್‌ನಲ್ಲಿ. 68 ವರ್ಷದ ರೋಗಿ ಮಲಗಿದ್ದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ. ವೈದ್ಯರು ಹಿಡಿಕೆ ಆಡಿಸಿದಂತೆಲ್ಲ ಕಡಲಾಚೆ ರೋಬೋಟಿನ ತೋಳುಗಳು ಆಡಿ ಆಕೆಯ ಪಿತ್ತಕೋಶ ತೆಗೆದವು. ನಡುವೆ ಇದ್ದದ್ದು ಫೈಬರ್ ಕೇಬಲ್.

ಮರುವರ್ಷ ನಮ್ಮ ರಾಜ್ಯದಲ್ಲೂ ದೂರದಿಂದ ಚಿಕಿತ್ಸೆ ಶುರುವಾಯಿತು. ಆದರೆ ಇಲ್ಲಿ ದೂರ ದಾಟಿದ್ದು ವೈದ್ಯರ ಕೈಯಲ್ಲ, ಕಣ್ಣು. ಇಸ್ರೊ ತನ್ನ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಎದೆನೋವು ಅಂತ ಬಂದವರ ಇಸಿಜಿಯನ್ನು ಬೆಂಗಳೂರಿನ ತಜ್ಞರು ನೋಡಿ ಸಲಹೆ ಹೇಳುತ್ತಿದ್ದರು. ಇಂಜೆಕ್ಷನ್ ಕೊಡಬೇಕಾದವರು ಅಲ್ಲಿನ ವೈದ್ಯರೇ.

2018ರ ಡಿಸೆಂಬರ್‌ನಲ್ಲಿ ಗುಜರಾತಿನ ಡಾ. ತೇಜಸ್ ಪಟೇಲ್ ಗಾಂಧಿನಗರದಲ್ಲಿ ಕೂತು, ಸುಮಾರು 32 ಕಿ.ಮೀ. ದೂರದ ಅಹಮದಾಬಾದಿನ ರೋಗಿಯ ಹೃದಯದ ರಕ್ತನಾಳಕ್ಕೆ ರೋಬೋಟಿನಿಂದ ಚಿಕಿತ್ಸೆ ಮಾಡಿದರು. ಅದು ಬೇಲೂರಿಂದ ಹಾಸನಕ್ಕೆ ಹೋಗುವಷ್ಟೂ ದೂರವಲ್ಲ!

ಸ್ಟ್ರಾಸ್‌ಬರ್ಗ್‌ನಲ್ಲೂ ಅಹಮದಾಬಾದ್‌ನಲ್ಲೂ ರೋಗಿಯ ಪಕ್ಕ ವೈದ್ಯರ ತಂಡ ಸಿದ್ಧವಾಗಿ ನಿಂತಿತ್ತು. ಹಾಗಾಗಿ ಅರಸೀಕೆರೆಗೆ, ಬೇಲೂರಿಗೆ, ಹಳೇಬೀಡಿಗೆ ರೋಬೋಟ್ ಯಾವಾಗ ಬರುತ್ತೆ ಅಂತ ಕೇಳುವ ಮೊದಲು ಎರಡು ಪ್ರಶ್ನೆ ಕೇಳೋಣ. ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ವೈದ್ಯರು ಇರ್ತಾರಾ? ಕರೆಂಟು ಹೋದರೆ ನೆಟ್‌ವರ್ಕ್ ಉಳಿಯುತ್ತಾ?