ಛತ್ರದ ಜಗಲಿಯಿಂದ ಹರಾಜಿನ ಕೋಣೆಗೆ

ದೊರೆಗಳು ಎಲ್ಲಿ ಬೀಡುಬಿಟ್ಟರು, ಯಾವ ಕೋಟೆಯನ್ನು ಎಷ್ಟು ದಿನ ಮುತ್ತಿದರು ಎಂಬುದನ್ನು ನಮ್ಮ ಚರಿತ್ರೆಯ ಪುಸ್ತಕಗಳು ವಿವರವಾಗಿ ಹೇಳುತ್ತವೆ. ಆದರೆ ಪರಸ್ಥಳಕ್ಕೆ ಬಂದ ಸಾಮಾನ್ಯ ಮನುಷ್ಯ ರಾತ್ರಿ ಎಲ್ಲಿ ಮಲಗುತ್ತಿದ್ದ, ಅದಕ್ಕೆ ಏನು ತೆರುತ್ತಿದ್ದ, ಬಾಗಿಲಲ್ಲಿ ಅವನನ್ನು ಏನೆಂದು ಕೇಳುತ್ತಿದ್ದರು ಎಂಬ ವಿವರ ಅವುಗಳಲ್ಲಿ ದೊರೆಯುವುದು ಕಡಿಮೆ. ಪ್ರೌಢಶಾಲೆಯಲ್ಲಿ ಬಹಳ ವರ್ಷ ಸಮಾಜ ವಿಜ್ಞಾನ ಬೋಧಿಸಿದ ನನ್ನನ್ನು ಈ ಕೊರತೆ ನಿವೃತ್ತಿಯ ನಂತರ ಕಾಡತೊಡಗಿತು. ಅದಕ್ಕೆ ನೆಪವಾದದ್ದು ಅಂತರ್ಜಾಲದಲ್ಲಿ ಹೋಟೆಲ್ ಕೋಣೆಗೆ ಸವಾಲು ಕೂಗುವ ಒಂದು ವಿಚಿತ್ರ ಪದ್ಧತಿ. ಅದು ಅಮೆರಿಕದಲ್ಲಿ ಹುಟ್ಟಿದ್ದು ನಿಜ. ಆದರೆ ಅದರ ನಿಜವಾದ ಬೆಲೆ ಅರ್ಥವಾಗಬೇಕಾದರೆ ಮೊದಲು ನಮ್ಮ ಬಳ್ಳಾರಿ ಸೀಮೆಯ ಬಾಗಿಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮ ಹಳೆಯ ಕನ್ನಡ ಶಾಸನಗಳಲ್ಲಿ ಸತ್ರ, ಅರವಟ್ಟಿಗೆ, ಅನ್ನದಾನಗಳಿಗೆ ಬಿಟ್ಟ ದತ್ತಿಗಳ ಉಲ್ಲೇಖ ಮೇಲಿಂದ ಮೇಲೆ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದ ಕಾಲಕ್ಕೆ ದಾರಿಹೋಕನಿಗೆ ನೆರಳು, ನೀರು ಕೊಡುವುದು ಪುಣ್ಯದ ಬಾಬತ್ತೇ ಹೊರತು ವ್ಯಾಪಾರವಾಗಿರಲಿಲ್ಲ. ಅರಸನ ಅತಿಥಿಯಾದರಂತೂ ಹೇಳುವಂತೆಯೇ ಇಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನಿಗೆ ಎತ್ತರವಾದ ಒಂದು ಮನೆಯನ್ನೇ ಬಿಡಾರವಾಗಿ ಕೊಡಲಾಯಿತು. ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಾಹ ಸಂದವೆಂದು ಅವನೇ ಬರೆದಿಟ್ಟಿದ್ದಾನೆ. ತಂಗಿದ ಜಾಗದ ಬಗ್ಗೆ ಅತಿಥಿಯೊಬ್ಬ ಬರೆದ ಇಷ್ಟು ಸಂತೃಪ್ತ ವರದಿ ನಮ್ಮ ಸೀಮೆಯಲ್ಲಿ ಇನ್ನೊಂದಿರಲಾರದು! ಈ ಮಾತುಗಳನ್ನು 1900ರಲ್ಲಿ ಪ್ರಕಟವಾದ ತನ್ನ ವಿಜಯನಗರ ಚರಿತ್ರೆಯಲ್ಲಿ ಉಲ್ಲೇಖಿಸಿದ ರಾಬರ್ಟ್ ಸೂಯೆಲ್ ಬಳ್ಳಾರಿಯಲ್ಲಿ ಕಲೆಕ್ಟರನಾಗಿದ್ದವನು.

ಸಾಮಾನ್ಯ ಯಾತ್ರಿಕನ ವರದಿ ಬೇಕಿದ್ದರೆ ಏನುಗುಲ ವೀರಾಸ್ವಾಮಯ್ಯನವರ ತೆಲುಗು ಕಾಶೀಯಾತ್ರೆಯ ಪುಸ್ತಕವನ್ನು ನೋಡಬೇಕು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಇವರು 1830ರ ಮೇ ತಿಂಗಳಲ್ಲಿ ಹೊರಟು, ನಮ್ಮ ನೆರೆಯ ಕಡಪ, ಅಹೋಬಲ, ಶ್ರೀಶೈಲಗಳ ದಾರಿಯಲ್ಲಿ ಹೈದರಾಬಾದಿಗೆ, ಅಲ್ಲಿಂದ ಕಾಶಿಗೆ ಹೋದರು. ಯಾವ ಊರಲ್ಲಿ ಛತ್ರವಿದೆ, ಅಂಗಡಿಯಲ್ಲಿ ಏನು ಸಿಗುತ್ತದೆ, ನೀರು ಹೇಗಿದೆ ಎಂದು ಮುಂದೆ ಬರುವವರಿಗೆ ಉಪಯೋಗವಾಗಲೆಂಬಂತೆ ಗೆಳೆಯನಿಗೆ ಕಾಗದ ಬರೆಯುತ್ತಾ ಹೋದರು. ಅವು 1838ರಲ್ಲಿ ಅಚ್ಚಾದವು. ಇಂದು ಜನ ಕಂಪ್ಯೂಟರಿನಲ್ಲಿ ಬರೆಯುವ ಅಭಿಪ್ರಾಯಗಳ ಮುತ್ತಾತ ಈ ಪುಸ್ತಕವೆಂದು ನನಗನ್ನಿಸುತ್ತದೆ. ಅದೇ ಕಾಲದಲ್ಲಿ, ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲದ ಮೊದಲ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1827ರಲ್ಲಿ ತೀರಿಕೊಂಡಾಗ, ಅವನ ನೆನಪಿಗೆ ಸರ್ಕಾರ ಗುತ್ತಿಯಲ್ಲಿ ಕಟ್ಟಿಸಿದ್ದೂ ಪ್ರಯಾಣಿಕರಿಗೊಂದು ಛತ್ರವನ್ನೇ.

ಛತ್ರವೆಂದರೆ ಉಚಿತ. ಎಲ್ಲರಿಗೂ ಉಚಿತವೇ ಎಂದು ಕೇಳಿದರೆ ಮಾತು ಬದಲಾಗುತ್ತದೆ. ಹಲವು ಛತ್ರಗಳಲ್ಲಿ ಊಟ ಬ್ರಾಹ್ಮಣರಿಗೆ ಮಾತ್ರ, ಉಳಿದವರಿಗೆ ಹೊರಜಗಲಿ, ಅಸ್ಪೃಶ್ಯರೆನಿಸಿಕೊಂಡವರಿಗೆ ಆ ಜಗಲಿಯೂ ಇಲ್ಲ. ಕೆಲವು ಛತ್ರಗಳು ಒಂದೊಂದು ಜನಾಂಗಕ್ಕೇ ಮೀಸಲು. ಬಾಗಿಲಲ್ಲಿ ದುಡ್ಡು ಕೇಳುತ್ತಿರಲಿಲ್ಲ, ಹೆಸರು ಕೇಳುತ್ತಿದ್ದರು. ಹೆಸರಿನಲ್ಲಿ ಜಾತಿ ತಿಳಿಯದಿದ್ದರೆ ಜಾತಿಯನ್ನೇ ಕೇಳುತ್ತಿದ್ದರು. ದುಡ್ಡು ಕೊಡಲು ಸಿದ್ಧನಿದ್ದವನಿಗೂ ಈ ಪ್ರಶ್ನೆ ತಪ್ಪಲಿಲ್ಲ. 1917ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅಂಬೇಡ್ಕರರು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ಇಳಿದುಕೊಳ್ಳಲು ಸ್ಥಳವಿರಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆ ಕೊಟ್ಟು, ದಫ್ತರಿನಲ್ಲಿ ಪಾರಸಿ ಹೆಸರೊಂದನ್ನು ಬರೆಸಿ ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಹನ್ನೆರಡು ಮಂದಿ ಬಂದು ಹೊರಹಾಕಿದರು. ಗೆಳೆಯರ ಮನೆಗಳಲ್ಲೂ ಎಡೆ ಸಿಗದೆ, ಉದ್ಯಾನವೊಂದರಲ್ಲಿ ಗಂಟೆಗಟ್ಟಲೆ ಕುಳಿತು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಮರಳಿದರು. ಈ ಪ್ರಸಂಗವನ್ನು ಅವರೇ ಬರೆದಿದ್ದಾರೆ. ತರಗತಿಯಲ್ಲಿ ಇದನ್ನು ಹೇಳುವಾಗ ಮಕ್ಕಳು ಕೇಳುತ್ತಿದ್ದ ಪ್ರಶ್ನೆ ಒಂದೇ: “ದುಡ್ಡು ಕೊಟ್ಟಿದ್ದರಲ್ಲ, ಸಾರ್?”

ಸಂವಿಧಾನದ 15ನೆಯ ವಿಧಿ 1950ರಿಂದ ಹೋಟೆಲುಗಳ ಬಾಗಿಲನ್ನು ಜಾತಿಭೇದವಿಲ್ಲದೆ ತೆರೆಯಬೇಕೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರಿಸಿಯೇ ನಿರ್ಬಂಧವನ್ನು ಶಿಕ್ಷಾರ್ಹವಾಗಿಸಿತು. ಅದೇ ಕಾಲಕ್ಕೆ ನಮ್ಮ ಕಡೆ ಲಾಡ್ಜುಗಳು ಬೆಳೆದವು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. (ಗಾಂಧೀಜಿ 1921ರಲ್ಲಿ ಇದೇ ದಿನಾಂಕದಂದು ಬಳ್ಳಾರಿಗೆ ಬಂದಾಗ ತಂಗಿದ್ದು ಯಾವ ಬಂಗಲೆಯಲ್ಲೂ ಅಲ್ಲ, ರೈಲು ನಿಲ್ದಾಣದಲ್ಲಿ.) ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪದಲ್ಲಿ ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಬಂದವು, ದಲ್ಲಾಳಿಗಳೂ ಲಾರಿಯವರೂ ರಾತ್ರಿ ಉಳಿಯತೊಡಗಿದರು. ಆ ದಾರಿಯಲ್ಲಿ ಮಂತ್ರಾಲಯಕ್ಕೆ ಹೋಗುವ ಯಾತ್ರಿಕರೂ ಸೇರಿದರು. ಕುರುಗೋಡಿನಲ್ಲಿ ಅಂಥ ಅಗತ್ಯ ಬೀಳಲಿಲ್ಲ. ದೊಡ್ಡಬಸವೇಶ್ವರನ ಜಾತ್ರೆಗೆ ಬಂದವರು ನೆಂಟರ ಮನೆಯಲ್ಲೋ ಗುಡಿಯ ಆವರಣದಲ್ಲೋ ಮಲಗಿ ಬೆಳಿಗ್ಗೆ ಬಸ್ಸು ಹಿಡಿಯುತ್ತಿದ್ದರು.

ಬಳ್ಳಾರಿಯ ಬೋರ್ಡಿಂಗ್ ಅಂಡ್ ಲಾಡ್ಜಿಂಗುಗಳು ನನ್ನ ಪೀಳಿಗೆಯವರಿಗೆ ಚೆನ್ನಾಗಿ ಗೊತ್ತು. ಗೋಡೆಯ ಮೇಲೆ ದರದ ಹಲಗೆ. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವಂತಿಲ್ಲ. “ಒಂದೇ ರಾತ್ರಿ, ಬೆಳಿಗ್ಗೆ ಐದಕ್ಕೇ ಹೋಗೋರು, ನೋಡಿ ಹಾಕ್ಕೊಳ್ರಿ” ಎಂದರೆ ಹತ್ತೈದು ರೂಪಾಯಿ ಇಳಿಯುತ್ತಿತ್ತು. ಮಾಲೀಕನ ಲೆಕ್ಕ ಸರಳ: ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಎರಡು ಬಾರಿ ಮಾರಲಾಗದು. ಹೊರಟುಹೋದ ಬಸ್ಸಿನ ಸೀಟಿನಂತೆ ಅದು ಹಾಳಾಗುವ ಸರಕು.

1980ರ ದಶಕದಲ್ಲಿ ಇಲಾಖೆಯ ತರಬೇತಿಗೆಂದು ನಾವು ಮೂವರು ಶಿಕ್ಷಕರು ಬಳ್ಳಾರಿಗೆ ಹೋಗಿದ್ದೆವು. ಒಂದು ಲಾಡ್ಜಿನಲ್ಲಿ ದಫ್ತರು ತೆರೆದ ಮ್ಯಾನೇಜರು ನಮ್ಮ ಊರು, ಹೆಸರು, ಉದ್ಯೋಗ ಬರೆದುಕೊಳ್ಳುತ್ತಾ, ಸಿರುಗುಪ್ಪದ ಕಡೆಯಿಂದ ಬಂದಿದ್ದ ನನ್ನ ಸಹೋದ್ಯೋಗಿಯ ಮುಖ ನೋಡಿ ಲೇಖನಿ ನಿಲ್ಲಿಸಿದರು.

“ಮೇಷ್ಟ್ರೇ, ತಾವು ಯಾರ ಪೈಕಿ?”

“ಸರ್ಕಾರಿ ನೌಕರರ ಪೈಕಿ” ಎಂದರು ಅವರು.

ಮ್ಯಾನೇಜರು ನಗಲಿಲ್ಲ. ಒಳಗೆ ಹೋಗಿ ಬಂದು, ಕೋಣೆಗಳೆಲ್ಲ ಮೊದಲೇ ಗೊತ್ತಾಗಿವೆಯೆಂದೂ ತಾವು ಮರೆತಿದ್ದರೆಂದೂ ಹೇಳಿದರು. ಅವರ ಬೆನ್ನ ಹಿಂದಿನ ಹಲಗೆಯ ಮೇಲೆ ಏಳೆಂಟು ಬೀಗದ ಕೈಗಳು ತೂಗುತ್ತಿದ್ದವು. ನಾವು ಮೂವರೂ ಚೀಲ ಎತ್ತಿಕೊಂಡು ಹೊರಬಂದೆವು. ಬಸ್ ನಿಲ್ದಾಣದ ಹತ್ತಿರ ಬೇರೊಂದು ಕಡೆ ಏನೂ ಕೇಳದೆ ಕೋಣೆ ಕೊಟ್ಟರು. ಕಾಯಿದೆ ಬಂದು ಮೂವತ್ತು ವರ್ಷವಾಗಿತ್ತು. ಆದರೆ “ಕೋಣೆ ಖಾಲಿ ಇಲ್ಲ” ಎಂಬ ಮಾತನ್ನು ಅಪರಾಧವೆಂದು ರುಜುವಾತು ಮಾಡುವುದು ಹೇಗೆ?

ಈಗ ಅಮೆರಿಕದ ಪದ್ಧತಿಗೆ ಬರುತ್ತೇನೆ. ಜೇ ವಾಕರ್ ಎಂಬಾತ ಸ್ಥಾಪಿಸಿದ ಪ್ರೈಸ್‌ಲೈನ್ ಸಂಸ್ಥೆ 1998ರಲ್ಲಿ ಜನರ ಮುಂದೆ ಬಂತು. ನಿಮ್ಮ ಬೆಲೆಯನ್ನು ನೀವೇ ಹೇಳಿ ಎಂಬುದು ಅದರ ಘೋಷಣೆ. ಮೊದಲು ವಿಮಾನದ ಟಿಕೆಟು, ಬಳಿಕ ಹೋಟೆಲ್ ಕೋಣೆ. ಊರಿನ ಯಾವ ಭಾಗ, ಎಷ್ಟು ನಕ್ಷತ್ರದ ಹೋಟೆಲು, ಯಾವ ದಿನ ಎಂದು ಗುರುತಿಸಿ ನಿಮ್ಮ ಸವಾಲನ್ನು ಬರೆಯಬೇಕು. ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಮೊದಲೇ ಕೊಡಬೇಕು. ಒಪ್ಪಿಗೆಯಾದರೆ ಆ ಕ್ಷಣದಲ್ಲೇ ಹಣ ಕಡಿತವಾಗಿ, ಆಮೇಲಷ್ಟೇ ಹೋಟೆಲಿನ ಹೆಸರು ತಿಳಿಯುತ್ತದೆ. ಹಿಂತಿರುಗಿಸುವಂತಿಲ್ಲ. ಸವಾಲು ತಿರಸ್ಕೃತವಾದರೆ ಅದೇ ಬೇಡಿಕೆಯನ್ನು ಒಂದು ದಿನ ಮತ್ತೆ ಕೂಗುವಂತಿಲ್ಲ. ಬಡಾವಣೆಯನ್ನೋ ನಕ್ಷತ್ರವನ್ನೋ ಬದಲಾಯಿಸಿದರೆ ಮಾತ್ರ ಕೂಗಬಹುದು. ಜಾಣರು ಇದರಲ್ಲೂ ದಾರಿ ಕಂಡುಕೊಂಡರು: ತಾವು ಬಯಸುವ ದರ್ಜೆಯ ಹೋಟೆಲೇ ಇಲ್ಲದ ಬಡಾವಣೆಯನ್ನು ಸೇರಿಸಿ, ಬೆಲೆಯನ್ನು ಮೂರ್ನಾಲ್ಕು ಡಾಲರು ಏರಿಸುತ್ತಾ ಮತ್ತೆ ಮತ್ತೆ ಕೂಗುವುದು. ಯಾವ ಊರಲ್ಲಿ ಎಷ್ಟಕ್ಕೆ ಯಾವ ಹೋಟೆಲು ಸಿಕ್ಕಿತು, ಅಲ್ಲಿ ಹಾಸಿಗೆ ಹೇಗಿತ್ತು ಎಂಬುದನ್ನು ಒಬ್ಬರು ಇನ್ನೊಬ್ಬರಿಗೆ ತಿಳಿಸುತ್ತಿದ್ದರು. ಅಮೆರಿಕದಲ್ಲಿದ್ದ ನನ್ನ ಅಳಿಯ ಹೀಗೆ ಕೋಣೆ ಹಿಡಿಯುವುದನ್ನು 2003ರಲ್ಲಿ ಅವನ ಪಕ್ಕದಲ್ಲೇ ಕುಳಿತು ನೋಡಿದ್ದೇನೆ.

ನನಗೆ ತಕ್ಷಣ ನೆನಪಾದದ್ದು ನಮ್ಮ ದನದ ಜಾತ್ರೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದಿಲ್ಲವೇ? ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು. ಹೋಟೆಲಿನವರ ಉದ್ದೇಶವೂ ಅದೇ: ಖಾಲಿ ಕೋಣೆ ಅಗ್ಗಕ್ಕೆ ಹೋಗಲಿ, ಆದರೆ ತಮ್ಮ ಹೆಸರಿನ ಪಕ್ಕದಲ್ಲಿ ಆ ಅಗ್ಗದ ಬೆಲೆ ಯಾರಿಗೂ ಕಾಣದಿರಲಿ. ವ್ಯತ್ಯಾಸವಿಷ್ಟೇ, ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಬಹುದು. ಇಲ್ಲಿ ಎತ್ತೇ ಕಾಣುವುದಿಲ್ಲ.

ಊರಿಗೆ ಮರಳಿದ ಮೇಲೆ ನನ್ನ ಆ ಹಳೆಯ ಸಹೋದ್ಯೋಗಿಗೆ ಇದನ್ನೆಲ್ಲ ವಿವರಿಸಿದೆ. ಅವರು ಬೆಲೆಯ ಬಗ್ಗೆ ಏನೂ ಕೇಳಲಿಲ್ಲ. “ಹೆಸರು ಯಾವಾಗ ಕೇಳ್ತಾರೆ?” ಎಂದರು. ಕೋಣೆಯನ್ನು ಒಪ್ಪುವುದು ಯಂತ್ರವೆಂದೂ, ಬೆಲೆ ಹೊಂದಿದರೆ ಸಾಕೆಂದೂ, ಹೋಟೆಲಿನ ಮನುಷ್ಯರು ಹೆಸರನ್ನು ನೋಡುವುದು ವ್ಯಾಪಾರ ಮುಗಿದ ಮೇಲೆಂದೂ ಹೇಳಿದೆ. “ಹಾಗಿದ್ದರೆ ಒಳ್ಳೇದು ಬಿಡ್ರಿ” ಎಂದು ಬಹಳ ಹೊತ್ತು ಸುಮ್ಮನಿದ್ದರು. ಕೆಲವು ಡಾಲರುಗಳ ಉಳಿತಾಯಕ್ಕಾಗಿ ಹುಟ್ಟಿದ ಉಪಾಯದಲ್ಲಿ ಅವರು ಕಂಡದ್ದು, ಅತಿಥಿಗೆ ಹೋಟೆಲಿನ ಹೆಸರೂ ಹೋಟೆಲಿಗೆ ಅತಿಥಿಯ ಹೆಸರೂ ತಿಳಿಯದೆ ಬಾಗಿಲು ತೆರೆಯುವ ವ್ಯವಸ್ಥೆಯನ್ನು. ಅದನ್ನು ಕಟ್ಟಿದವರಿಗೆ ಈ ಆಲೋಚನೆ ಇದ್ದಿರಲಾರದು.

ಅವರ ಪ್ರಶ್ನೆ ಎಷ್ಟು ಸರಿಯಾಗಿತ್ತೆಂಬುದು ಮುಂದೆ ತಿಳಿಯಿತು. ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯಲ್ಲಿ ಒಪ್ಪಿಗೆಗೆ ಮುನ್ನವೇ ಅತಿಥಿಯ ಹೆಸರು ಕಾಣುತ್ತಿತ್ತು. ಹಾರ್ವರ್ಡಿನ ಸಂಶೋಧಕರು 2015ರಲ್ಲಿ ಅಮೆರಿಕದ ಐದು ನಗರಗಳ ಸುಮಾರು 6,400 ಮನೆಗಳಿಗೆ ಒಂದೇ ಬಗೆಯ ಕೋರಿಕೆಗಳನ್ನು ಬೇರೆ ಬೇರೆ ಹೆಸರಲ್ಲಿ ಕಳಿಸಿದರು. ಕಪ್ಪು ಜನರದೆಂದು ತೋರುವ ಹೆಸರುಗಳಿಗೆ ಒಪ್ಪಿಗೆ ಸಿಗುವ ಸಂಭವ ಶೇಕಡಾ 16ರಷ್ಟು ಕಡಿಮೆಯಿತ್ತು. 2018ರಲ್ಲಿ ಆ ಸಂಸ್ಥೆ, ಒಪ್ಪಿಗೆಯಾಗುವವರೆಗೆ ಅತಿಥಿಯ ಭಾವಚಿತ್ರ ತೋರಿಸುವುದಿಲ್ಲವೆಂದಿತು. ಇತ್ತ ಪ್ರೈಸ್‌ಲೈನ್ ವಿಮಾನ ಟಿಕೆಟಿನ ಸವಾಲನ್ನು 2016ರಲ್ಲಿ ನಿಲ್ಲಿಸಿತು. ಅನಂತರ ಹೋಟೆಲ್ ಕೋಣೆಗಳ ಸವಾಲೂ ಕೊನೆಗೊಂಡಿತು.

ನಮ್ಮಲ್ಲಿ ಆ ಹರಾಜು ಬೇರೂರಲೇ ಇಲ್ಲ. ಮೇಕ್‌ಮೈಟ್ರಿಪ್ 2000ದಲ್ಲಿ, ಓಯೋ 2013ರಲ್ಲಿ ಹುಟ್ಟಿದವು. ಅವು ತಂದದ್ದು ರಿಯಾಯಿತಿಯ ದರ ಮತ್ತು ಅತಿಥಿಗಳ ಅಭಿಪ್ರಾಯ. ಅಭಿಪ್ರಾಯಗಳಲ್ಲಿ ಸುಳ್ಳು ಎಷ್ಟು ಬೆರೆಯಿತೆಂದರೆ, 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆ ಅವಕ್ಕೂ ಐಎಸ್ 19000 ಎಂಬ ಮಾನದಂಡವನ್ನು ರೂಪಿಸಬೇಕಾಯಿತು. ನಾನು ಅವುಗಳನ್ನು ಓದುವುದುಂಟು. ಟವೆಲ್ಲು, ತಿಂಡಿ, ವೈಫೈ, ನಲ್ಲಿಯ ನೀರು ಎಲ್ಲದರ ಬಗ್ಗೆಯೂ ಬರೆಯುತ್ತಾರೆ. ಕೋಣೆ ಸಿಗದೆ ಹಿಂದಿರುಗಿದವನ ಅಭಿಪ್ರಾಯಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ, ಏಕೆಂದರೆ ಅವನು ಅತಿಥಿಯೇ ಆಗಲಿಲ್ಲ.

ಮಾಲೀಕರ ಕಷ್ಟವೂ ಉಂಟು. ಅದಿರಿನ ಭರಾಟೆಯ ವರ್ಷಗಳಲ್ಲಿ ಬಳ್ಳಾರಿಯ ಲಾಡ್ಜುಗಳಲ್ಲಿ ಚೌಕಾಸಿಗೆ ಎಡೆಯಿರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಅದೇ ಕೌಂಟರಿನಲ್ಲಿ ಕರೆದು ಕೋಣೆ ಕೊಡುವ ಕಾಲ ಬಂತು. ಆದರೆ ಕರೆದು ಕೊಡುವ ಸ್ವಾತಂತ್ರ್ಯವೂ ದೇಶದಲ್ಲಿ ಹೋಟೆಲಿನವರಿಗೆ ಪೂರ್ತಿ ಉಳಿಯಲಿಲ್ಲ. ತಮ್ಮ ಜಾಲತಾಣದಲ್ಲಿರುವುದಕ್ಕಿಂತ ಅಗ್ಗವಾಗಿ ಬೇರೆಡೆ ಮಾರಕೂಡದೆಂಬ ಕರಾರಿನ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ರೂಪಾಯಿ ದಂಡ ವಿಧಿಸಿತು. ಕೆಲವು ಪ್ರತಿಸ್ಪರ್ಧಿ ಸಂಸ್ಥೆಗಳ ಕೋಣೆಗಳನ್ನು ಅಲ್ಲಿಂದ ತೆಗೆಸಿದ ಬಾಬತ್ತಿಗೆ ಓಯೋಗೆ 168.88 ಕೋಟಿ ಬಿತ್ತು. ಇದೇ ಓಯೋ 2025ರ ಜನವರಿಯಲ್ಲಿ ಮೀರತ್‌ನಿಂದ ಆರಂಭಿಸಿ, ಮದುವೆಯಾಗದ ಜೋಡಿಗಳಿಗೆ ಕೋಣೆ ನಿರಾಕರಿಸುವ ನಿಯಮ ತಂದಿತು. ಕೌಂಟರಿನ ಪ್ರಶ್ನೆಗಳು ಮುಗಿದವೆಂದುಕೊಂಡವರಿಗೆ ಇದು ಸುದ್ದಿ.

ಇತ್ತೀಚೆಗೆ ಸಿರುಗುಪ್ಪದಲ್ಲಿ ಮದುವೆಯೊಂದಕ್ಕೆ ನಾನೂ ಆ ಸಹೋದ್ಯೋಗಿಯೂ ಹೋಗಿ ಲಾಡ್ಜಿನಲ್ಲಿ ಉಳಿದೆವು. ಕೌಂಟರಿನಲ್ಲಿದ್ದ ಹುಡುಗ ಯಾರ ಪೈಕಿ ಎಂದು ಕೇಳಲಿಲ್ಲ. ಆಧಾರ್ ಕಾರ್ಡು ಕೇಳಿದ. ಹೆಸರು, ತಂದೆಯ ಹೆಸರು, ಊರು, ಕೇರಿ ಎಲ್ಲವೂ ಅದರಲ್ಲೇ ಇದ್ದವು. ನನ್ನ ಸಹೋದ್ಯೋಗಿ ಅವನ ಕಣ್ಣುಗಳನ್ನೇ ನೋಡುತ್ತಾ ನಿಂತಿದ್ದರು. ಹುಡುಗ ಎರಡು ಕಾರ್ಡುಗಳನ್ನೂ ಜೆರಾಕ್ಸ್ ಮಾಡಿ, ಬೀಗದ ಕೈ ಅವರ ಕೈಗಿಟ್ಟು, “ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರತನಕ ಬರ್ತದ್ರಿ, ಸಾರ್” ಎಂದ.